ಗಣಕಯಂತ್ರದೊಳಗಿನ ನೀರಗಂಟಿ

ಘಟಪ್ರಭಾ ಕಾಲುವೆಯ ದಂಡೆಯ ಊರುಗಳಲ್ಲಿ ‘ಪಾಳಿ’ ಎಂಬ ಶಬ್ದಕ್ಕೆ ಯಾರೂ ಅರ್ಥ ಹೇಳಿಕೊಡಬೇಕಾಗಿಲ್ಲ. ಹುಕ್ಕೇರಿ ತಾಲ್ಲೂಕಿನ ಹಿಡಕಲ್ ಜಲಾಶಯ ತುಂಬಿದಾಗ 51 ಟಿಎಂಸಿ ನೀರು ಹಿಡಿಯುತ್ತದೆ, ನಿಜ. ಆದರೆ ಧೂಪದಾಳದಿಂದ ಹೊರಟು ಗೋಕಾಕ, ಮೂಡಲಗಿ ಸೀಮೆ ದಾಟಿ ಬಾಗಲಕೋಟೆ ಜಿಲ್ಲೆಗೆ ಹೋಗುವ ಎಡದಂಡೆ ಕಾಲುವೆ ಎಲ್ಲರ ಕಬ್ಬಿಗೂ ಗೋವಿನಜೋಳಕ್ಕೂ ಒಂದೇ ಹೊತ್ತಿಗೆ ನೀರು ಕೊಡಲಾರದು. ಇಷ್ಟು ಹೊತ್ತು ಇವರಿಗೆ, ಆಮೇಲೆ ಅವರಿಗೆ ಎಂದು ಗೇಟು ತೆಗೆಯಲು, ಮುಚ್ಚಲು ಒಬ್ಬ ಬೇಕು. ಕೆರೆ ನೀರಾವರಿಯ ಊರುಗಳಲ್ಲಿ ಅವನಿಗೆ ನೀರಗಂಟಿ ಎಂಬ ಹಳೆಯ ಹೆಸರಿದೆ. ನೀರಗಂಟಿಯಾಗಿ ಅವನು ಉಳುವುದಿಲ್ಲ, ಬಿತ್ತುವುದಿಲ್ಲ. ಅವನು ಮೈಮರೆತರೆ ಮಾತ್ರ ಬಡಿದಾಟ.

ಕಂಪ್ಯೂಟರ್‌ನಲ್ಲಿ ಆಪರೇಟಿಂಗ್ ಸಿಸ್ಟಂ ಮಾಡುವುದು ಇದೇ ಕೆಲಸವನ್ನು. ‘ಬಳಕೆದಾರನಿಗೂ ಯಂತ್ರಕ್ಕೂ ನಡುವಿನ ಸೇತುವೆ’ ಎಂಬ ವ್ಯಾಖ್ಯೆಯನ್ನು ಪಿಯುಸಿ, ಡಿಪ್ಲೊಮಾ ವಿದ್ಯಾರ್ಥಿಗಳು ಬಾಯಿಪಾಠ ಮಾಡಿ ಬರೆದು ಅಂಕ ಪಡೆಯುತ್ತಾರೆ. ವ್ಯಾಖ್ಯೆ ತಪ್ಪಲ್ಲ. ಆದರೆ ಸೇತುವೆ ಯಾರನ್ನೂ ತಡೆಯುವುದಿಲ್ಲ, ಯಾರನ್ನೂ ಮುಂದೆ ಬಿಡುವುದಿಲ್ಲ. ಆಪರೇಟಿಂಗ್ ಸಿಸ್ಟಂನ ಬದುಕೇ ತಡೆಯುವುದು ಮತ್ತು ಬಿಡುವುದು.

ನಾವು ಹಾಡು ಕೇಳುತ್ತ ಪತ್ರ ಟೈಪ್ ಮಾಡುತ್ತೇವೆ, ಹಿಂದೆ ಮತ್ತೇನೋ ಡೌನ್‌ಲೋಡ್ ಆಗುತ್ತಿರುತ್ತದೆ. ಮೂರೂ ಒಟ್ಟಿಗೆ ನಡೆದಂತೆ ಕಾಣುತ್ತದೆ. ಪ್ರಾಸೆಸರ್‌ನಲ್ಲಿ ಒಂದೇ ಕೋರ್ ಇದ್ದರೆ ಅದು ಒಂದು ಕ್ಷಣಕ್ಕೆ ಒಂದೇ ಪ್ರೋಗ್ರಾಂ ನಡೆಸಬಲ್ಲದು. ಆಪರೇಟಿಂಗ್ ಸಿಸ್ಟಂ ಒಂದೊಂದಕ್ಕೆ ಕೆಲವೇ ಮಿಲಿಸೆಕೆಂಡುಗಳ ಪಾಳಿ ಕೊಡುತ್ತದೆ. ಹೊತ್ತು ಮುಗಿದ ಕೂಡಲೇ ಕೆಲಸ ಎಲ್ಲಿಗೆ ನಿಂತಿತು ಎಂದು ಗುರುತು ಹಾಕಿಕೊಂಡು ಅದನ್ನು ಬದಿಗೆ ಸರಿಸಿ ಮುಂದಿನದನ್ನು ಕರೆಯುತ್ತದೆ. ಇಂದಿನ ಯಂತ್ರಗಳಲ್ಲಿ ನಾಲ್ಕೋ ಎಂಟೋ ಕೋರ್‌ಗಳಿದ್ದರೂ ಕಾದು ಕುಳಿತ ಕೆಲಸಗಳು ನೂರಾರು. ಪಾಳಿ ತಪ್ಪಿದ್ದಲ್ಲ.

ಹೊತ್ತು ಮುಗಿಯಿತು ಎಂದು ಹೇಳುವವರು ಯಾರು? ಎಲ್ಲ ವ್ಯವಸ್ಥೆಯ ಕೀಲು ಇರುವುದು ಇಲ್ಲಿ. 1990ರ ದಶಕದ ಆರಂಭದಲ್ಲಿ ಮನೆಮಾತಾಗಿದ್ದ ವಿಂಡೋಸ್ 3.1ರಲ್ಲಿ ಪ್ರೋಗ್ರಾಂಗಳು ತಾವಾಗಿಯೇ ಜಾಗ ಬಿಟ್ಟುಕೊಡಬೇಕಿತ್ತು. ಮೇಲಿನ ಹೊಲದವನು ತನಗೆ ಸಾಕಾದ ಮೇಲೆ ತಾನೇ ಗೇಟು ಮುಚ್ಚಲಿ ಎಂದು ನಂಬಿದ ಹಾಗೆ. ಒಂದು ಪ್ರೋಗ್ರಾಂ ಹಟ ಹಿಡಿದರೆ ಪರದೆಯೆಲ್ಲ ಕಲ್ಲಾಗಿ ನಿಲ್ಲುತ್ತಿತ್ತು, ಗುಂಡಿ ಒತ್ತಿ ಯಂತ್ರವನ್ನೇ ಮತ್ತೆ ಶುರು ಮಾಡಬೇಕಾಗುತ್ತಿತ್ತು. ಯುನಿಕ್ಸ್‌ನಂಥ ವ್ಯವಸ್ಥೆಗಳು ಮೊದಲಿನಿಂದಲೂ ಹೀಗೆ ನಂಬಿರಲಿಲ್ಲ. ಯಂತ್ರದೊಳಗಿನ ಗಡಿಯಾರ ನಿಗದಿತ ಹೊತ್ತಿಗೆ ಗಂಟೆ ಬಾರಿಸುತ್ತದೆ, ನಡೆಯುತ್ತಿದ್ದ ಪ್ರೋಗ್ರಾಂ ಒಪ್ಪಲಿ ಬಿಡಲಿ ಅಧಿಕಾರ ಆಪರೇಟಿಂಗ್ ಸಿಸ್ಟಂ ಕೈಗೆ ಮರಳುತ್ತದೆ. ವಿಂಡೋಸ್ 95 ಬಂದಾಗ ಅಲ್ಲಿಯೂ ಹೊಸ ಪ್ರೋಗ್ರಾಂಗಳಿಗೆ ಇದೇ ಕಟ್ಟಳೆ ಬಂತು.

ಪಾಳಿ ಇದ್ದ ಮಾತ್ರಕ್ಕೆ ನ್ಯಾಯ ಇದೆ ಎಂದಲ್ಲ. ಕಾಲುವೆಯ ಕೊನೆಯಂಚಿನ ರೈತನನ್ನು ಕೇಳಿದರೆ ಗೊತ್ತಾಗುತ್ತದೆ. ತುರ್ತು ಕೆಲಸಕ್ಕೆ ಮೊದಲ ಪಾಳಿ ಎಂಬ ನಿಯಮ ಮಾಡಿದರೆ, ತುರ್ತಿನವು ಬರುತ್ತಲೇ ಇದ್ದಾಗ ಹಿಂದಿನದು ಹಿಂದೆಯೇ ಉಳಿಯುತ್ತದೆ. ಪಠ್ಯಪುಸ್ತಕಗಳು ಇದನ್ನು ‘ಸ್ಟಾರ್ವೇಶನ್’ ಎಂದು ಕರೆಯುತ್ತವೆ, ಅಂದರೆ ಉಪವಾಸ ಬೀಳುವುದು. ಅಮೆರಿಕದ ಎಂಐಟಿಯಲ್ಲಿ ಐಬಿಎಂ 7094 ಯಂತ್ರವನ್ನು 1973ರಲ್ಲಿ ನಿಲ್ಲಿಸಿದಾಗ, 1967ರಲ್ಲಿ ಕೊಟ್ಟಿದ್ದ ಒಂದು ಕೆಲಸ ಪಾಳಿ ಬಾರದೆ ಇನ್ನೂ ಕಾಯುತ್ತಿತ್ತಂತೆ. ಪುಸ್ತಕವೇ ಇದನ್ನು ವದಂತಿ ಎನ್ನುತ್ತದೆ, ಆದರೂ ಹೇಳದೆ ಬಿಡುವುದಿಲ್ಲ. ಇದಕ್ಕೆ ಪರಿಹಾರ ಸರಳ: ಕಾದಷ್ಟೂ ಆ ಕೆಲಸದ ಮಾನ ಏರುತ್ತ ಹೋಗಬೇಕು, ಒಂದು ದಿನ ಅದೇ ಎಲ್ಲರಿಗಿಂತ ತುರ್ತಿನದಾಗಬೇಕು.

ಸ್ಮರಣಕೋಶದ ಹಂಚಿಕೆ ಜಮೀನಿನ ಹಂಚಿಕೆಯಂತೆ. ಯಾವ ತುಂಡು ಯಾರದು ಎಂಬ ಉತಾರ ಆಪರೇಟಿಂಗ್ ಸಿಸ್ಟಂ ಬಳಿ ಇರುತ್ತದೆ, ಬದು ದಾಟಿದ ಪ್ರೋಗ್ರಾಂ ಅಲ್ಲಿಯೇ ನಿಲ್ಲುತ್ತದೆ.

ಇನ್ನೊಂದು ಬಗೆಯ ಇಕ್ಕಟ್ಟನ್ನು ತಿಳಿಯಲು ಕಾಲುವೆ ಬಿಟ್ಟು ಘಟಪ್ರಭಾ ರೈಲು ನಿಲ್ದಾಣಕ್ಕೆ ಬರಬೇಕು. ಮಿರಜ್-ಬೆಳಗಾವಿ ಮಾರ್ಗ ಒಂಟಿ ಹಳಿಯದಾಗಿದ್ದಾಗ, ಎರಡು ನಿಲ್ದಾಣಗಳ ನಡುವಿನ ಹಳಿಗೆ ಒಂದು ಹೊತ್ತಿಗೆ ಒಂದೇ ಗಾಡಿಯನ್ನು ಬಿಡಬೇಕಿತ್ತು. ಎದುರು ಗಾಡಿ ಬಂದು ಸೇರುವ ತನಕ ಈ ಗಾಡಿಗೆ ಸಿಗ್ನಲ್ ಇಳಿಯುವುದಿಲ್ಲ. ಪ್ರಿಂಟರ್, ಫೈಲುಗಳಂಥ ಹಂಚಿಕೆಯ ವಸ್ತುಗಳಿಗೂ ಹೀಗೆಯೇ ಕಾವಲು ಬೇಕು ಎಂದು ಡಚ್ ವಿಜ್ಞಾನಿ ಎಡ್ಸ್‌ಗರ್ ಡೈಕ್‌ಸ್ಟ್ರ 1960ರ ದಶಕದಲ್ಲಿ ತೋರಿಸಿಕೊಟ್ಟರು. ಆ ಕಾವಲಿಗೆ ಅವರಿಟ್ಟ ಹೆಸರು ‘ಸೆಮಫೋರ್’, ಅಂದರೆ ನಮ್ಮ ರೈಲು ಹಳಿಯ ಪಕ್ಕದ ಕೈಮರ. ಕಾವಲಿದ್ದೂ ಗಂಟು ಬೀಳುವುದುಂಟು. ಒಬ್ಬನ ಕೈಯಲ್ಲಿ ಪ್ರಿಂಟರ್ ಇದೆ, ಫೈಲು ಬೇಕು. ಇನ್ನೊಬ್ಬನ ಕೈಯಲ್ಲಿ ಫೈಲು ಇದೆ, ಪ್ರಿಂಟರ್ ಬೇಕು. ಹಿಡಿದದ್ದನ್ನು ಇಬ್ಬರೂ ಬಿಡರು. ‘ಡೆಡ್‌ಲಾಕ್’ ಎಂದರೆ ಇದೇ. ಕೊನೆಗೆ ಒಬ್ಬನನ್ನು ಹಿಂದೆ ಕಳಿಸದೆ ಗತಿಯಿಲ್ಲ.

ಪಾಳಿಯ ಕಟ್ಟಳೆ ಯಂತ್ರದ್ದಲ್ಲ, ಅದನ್ನು ಬರೆಯುವವರು ಮನುಷ್ಯರೇ. ಫಿನ್ಲೆಂಡ್‌ನ ವಿದ್ಯಾರ್ಥಿ ಲಿನಸ್ ಟೋರ್ವಾಲ್ಡ್ಸ್ 1991ರಲ್ಲಿ ಶುರು ಮಾಡಿದ ಲಿನಕ್ಸ್‌ನಲ್ಲಿ ಆ ಕಟ್ಟಳೆಯನ್ನು ಯಾರು ಬೇಕಾದರೂ ತೆರೆದು ಓದಬಹುದು. 2007ರಲ್ಲಿ ಅದಕ್ಕೆ ‘ಸಂಪೂರ್ಣ ನ್ಯಾಯದ’ ಎಂಬ ಅರ್ಥದ ಹೆಸರಿನ ಹೊಸ ಪಾಳಿ ಪದ್ಧತಿ ಬಂತು: ಈವರೆಗೆ ಯಾರಿಗೆ ಎಲ್ಲರಿಗಿಂತ ಕಡಿಮೆ ಹೊತ್ತು ಸಿಕ್ಕಿದೆಯೋ ಮುಂದಿನ ಸರದಿ ಅವರದು. ಪಾಲು ಸರಿಯಾದರೂ, ಯಾರಿಗೆ ಬೇಗ ಬೇಕು ಎಂಬುದನ್ನು ಅದು ಚೆನ್ನಾಗಿ ಲೆಕ್ಕಕ್ಕೆ ತೆಗೆದುಕೊಳ್ಳುತ್ತಿಲ್ಲ ಎಂಬ ಆಕ್ಷೇಪ ಬಂದು, 2023ರಲ್ಲಿ ಅದರ ಜಾಗಕ್ಕೆ ಮತ್ತೊಂದು ಪದ್ಧತಿ ಬಂತು. ಆಂಡ್ರಾಯ್ಡ್ ಫೋನುಗಳ ಒಳಗಿರುವುದೂ ಲಿನಕ್ಸೇ. ಕಾಲುವೆಯ ತುದಿಯಲ್ಲಿ ನೀರಿಗಾಗಿ ಕಾಯುತ್ತ ಕುಳಿತ ರೈತನ ಅಂಗಿಯ ಕಿಸೆಯಲ್ಲಿ ಅಂಥದೊಂದು ಫೋನಿದ್ದರೆ, ಅದರೊಳಗೆ ಸೆಕೆಂಡಿಗೆ ನೂರಾರು ಸಲ ಪಾಳಿ ಬದಲಾಗುತ್ತಿರುತ್ತದೆ.