ಹಳೆಯ ಡೀಸೆಲ್ ಕಾರನ್ನು ಕೊಳ್ಳುವುದಕ್ಕೆ ಮುಂಚೆ ಎಂಜಿನ್ನಿನ ಪರೀಕ್ಷೆ

ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ ಮತ್ತು ಶಿಡ್ಲಘಟ್ಟ ತಾಲ್ಲೂಕುಗಳ ರೈತರಲ್ಲಿ ಅನೇಕರು ಇತರರು ಉಪಯೋಗಿಸಿದ ಡೀಸೆಲ್ ಕಾರುಗಳನ್ನು ಕೊಳ್ಳುತ್ತಿರುವರು. ಶಿಡ್ಲಘಟ್ಟದ ರೇಷ್ಮೆಗೂಡಿನ ಮಾರುಕಟ್ಟೆಗೂ ಚಿಂತಾಮಣಿಯ ಟೊಮ್ಯಾಟೊ ಮಂಡಿಗೂ ಹೋಗಿಬರುವುದಕ್ಕೆ ಇವು ಅನುಕೂಲವಾಗಿರುವುವು. ಆದರೆ ಎಂಜಿನ್ನು ಕೆಟ್ಟಿದ್ದ ಪಕ್ಷದಲ್ಲಿ, ಅದನ್ನು ಬಿಚ್ಚಿ ಸರಿಮಾಡಿಸುವ ಖರ್ಚು ಒಂದೆರಡು ಬೆಳೆಯ ಲಾಭವನ್ನೇ ನುಂಗಬಹುದು. ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಯಲ್ಲಿ ಹಲ್ಲು ನೋಡದೆ, ನಡೆಸಿ ನೋಡದೆ ಎತ್ತನ್ನು ಯಾರೂ ಕೊಳ್ಳುವುದಿಲ್ಲ. ಕಾರಿಗಾದರೋ ಹೊರಗಿನ ಬಣ್ಣವನ್ನು ಕಂಡೇ ಮುಂಗಡ ಕೊಟ್ಟುಬಿಡುವವರುಂಟು. ಹಾಗೆ ಮಾಡತಕ್ಕದ್ದಲ್ಲ.

ಡೀಸೆಲ್ ಎಂಜಿನ್ನಿನ ಸ್ವಭಾವ

ಪೆಟ್ರೋಲ್ ಎಂಜಿನ್ನಿನಲ್ಲಿ ವಿದ್ಯುತ್ತಿನ ಕಿಡಿಯಿಂದ ಬೆಂಕಿ ಹೊತ್ತುವುದು. ಡೀಸೆಲ್ ಎಂಜಿನ್ನಿನಲ್ಲಿ ಕಿಡಿಯಿಲ್ಲ. ಪಿಸ್ಟನ್ನು ಗಾಳಿಯನ್ನು ಅದರ ಮೊದಲಿನ ಗಾತ್ರದ 15ರಿಂದ 20ರಲ್ಲಿ ಒಂದು ಪಾಲಿಗೆ ಅದುಮುವುದು. ಆ ಒತ್ತಡದಿಂದಲೇ ಗಾಳಿಯು 500 ಡಿಗ್ರಿ ಸೆಂಟಿಗ್ರೇಡಿಗೂ ಮಿಕ್ಕಿ ಕಾಯುವುದು. ಆಗ ಚಿಮ್ಮಿಸಿದ ಡೀಸೆಲ್ ತಾನಾಗಿಯೇ ಹೊತ್ತಿಕೊಳ್ಳುವುದು. ಆದಕಾರಣ ಒತ್ತಡವೇ ಈ ಎಂಜಿನ್ನಿನ ಜೀವವೆನ್ನಬಹುದು. ಸಿಲಿಂಡರೂ ಪಿಸ್ಟನ್ ರಿಂಗುಗಳೂ ಸವೆದು ಗಾಳಿ ಸೋರಿದರೆ ಬಲವು ಕುಂದುವುದು. ಈ ದೋಷವು ಎಂಜಿನ್ನು ಬಿಸಿಯಾಗಿರುವಾಗ ಅಡಗಿದ್ದು, ತಣ್ಣಗಿರುವಾಗ ಹೊರಬೀಳುವುದು.

ಪರೀಕ್ಷೆಯ ಕ್ರಮ

1. ತಣ್ಣಗಿರುವಾಗ: ಬೆಳಿಗ್ಗೆಯೇ ಹೋಗತಕ್ಕದ್ದು. ಮಾರುವವರು ಮೊದಲೇ ಚಾಲೂ ಮಾಡಿ ಇಟ್ಟಿರಬಹುದು. ಬಾನೆಟ್ಟಿನ ಮೇಲೆ ಕೈಯಿಟ್ಟು ನೋಡಬೇಕು. ಬೆಚ್ಚಗಿದ್ದರೆ ಮತ್ತೊಂದು ದಿನ ಬರುವುದೇ ಲೇಸು. ಒಳ್ಳೆಯ ಎಂಜಿನ್ನು ಬಹಳ ಹೊತ್ತು ತಿರುಗಿಸದೆ ಹೊತ್ತಿ, ಸ್ವಲ್ಪ ಹೊತ್ತಿನಲ್ಲಿಯೇ ಸಮವಾಗಿ ನಡೆಯುವುದು.

2. ಹೊಗೆ: ನೀಲಿ ಹೊಗೆ ಬಂದರೆ ಎಂಜಿನ್ ಆಯಿಲ್ ಉರಿಯುತ್ತಿದೆಯೆಂದು ತಿಳಿಯಬೇಕು. ಕಪ್ಪು ಹೊಗೆಯು ಗಾಳಿ ಕಡಮೆಯಾಗಿರುವುದನ್ನಾಗಲಿ, ಇಂಜೆಕ್ಟರು ಕೆಟ್ಟಿರುವುದನ್ನಾಗಲಿ ಸೂಚಿಸುವುದು. ಚಳಿಗಾಲದ ಮುಂಜಾನೆ ಬಿಳಿ ಆವಿ ಕೊಂಚ ಕಾಣುವುದು ಸಹಜ. ಎಂಜಿನ್ನು ಕಾದ ಮೇಲೂ ನಿಲ್ಲದಿದ್ದರೆ ಅನುಮಾನ ಪಡಬೇಕು.

3. ಆಯಿಲ್: ಡೀಸೆಲ್ ಎಂಜಿನ್ನಿನ ಆಯಿಲ್ ಬೇಗನೆ ಕಪ್ಪಾಗುವುದು, ಅದರಿಂದ ಹೆದರಬೇಕಾದ್ದಿಲ್ಲ. ಮಜ್ಜಿಗೆಯಂತೆ ಬೆಳ್ಳಗೆ ಕದಡಿದ್ದರೆ ನೀರು ಸೇರಿದೆಯೆಂದರ್ಥ. ಅಂಥ ಕಾರನ್ನು ಬಿಡತಕ್ಕದ್ದು. ಬಳಿಕ ಎಂಜಿನ್ನು ನಿಧಾನವಾಗಿ ನಡೆಯುತ್ತಿರುವಾಗ ಆಯಿಲ್ ತುಂಬುವ ಮುಚ್ಚಳವನ್ನು ಸಡಿಲಿಸಿ ಅಲ್ಲಿಯೇ ಇಡಬೇಕು. ಹೊಗೆಯು ಬುಸುಬುಸನೆ ಬಂದು ಮುಚ್ಚಳವನ್ನು ಎತ್ತಿ ಹಾಕುವಂತಿದ್ದರೆ ರಿಂಗುಗಳು ಸವೆದಿರುವ ಸಂಭವವುಂಟು.

4. ನೀರು: ಈ ಸೀಮೆಯವರು ಇದನ್ನು ವಿಶೇಷವಾಗಿ ಗಮನಿಸಬೇಕು. ನಮ್ಮಲ್ಲಿ 1000 ಅಡಿಗೂ ಮೀರಿ ಕೊರೆದ ಕೊಳವೆ ಬಾವಿಗಳುಂಟು. ಅನೇಕ ಕಡೆ ನೀರು ಗಡಸು. ಇದನ್ನು ರೇಡಿಯೇಟರಿಗೆ ತುಂಬುತ್ತ ಬಂದರೆ, ಹಂಡೆಯಲ್ಲಿ ಕಟ್ಟುವಂತೆ ಒಳಗೆ ಸುಣ್ಣದ ಪದರ ಕಟ್ಟಿ ಎಂಜಿನ್ನು ಕಾಯುವುದು. ಕ್ರಮೇಣ ಹೆಡ್ ಗ್ಯಾಸ್ಕೆಟ್ಟು ಸುಟ್ಟುಹೋಗುವುದು. ಎಂಜಿನ್ನು ತಣ್ಣಗಿರುವಾಗ ಮಾತ್ರವೇ ಮುಚ್ಚಳ ತೆಗೆಯಬೇಕು; ಬಿಸಿಯಿರುವಾಗ ತೆಗೆದರೆ ಕುದಿಯುವ ನೀರು ಮುಖಕ್ಕೆ ಹಾರುವುದು. ಒಳಗೆ ಬಣ್ಣದ ಕೂಲೆಂಟು ಇರಬೇಕು. ತುಕ್ಕಿನ ನೀರಾಗಲಿ, ಎಣ್ಣೆಯ ಜಿಡ್ಡಾಗಲಿ ಇರಕೂಡದು.

5. ಏರಿನಲ್ಲಿ ಓಡಿಸುವುದು: ನಾಲ್ಕೈದು ಮಂದಿಯನ್ನು ಕೂರಿಸಿಕೊಂಡು, ನಂದಿಬೆಟ್ಟದಂಥ ಏರುದಾರಿಯಲ್ಲಿ ನಡೆಸತಕ್ಕದ್ದು. ಏರಿನಲ್ಲಿ ತಿಣುಕಿದರೆ, ಶಾಖದ ಮುಳ್ಳು ಮೇಲೇರಿದರೆ, ಟರ್ಬೋ ಕೂಗಿದರೆ ದೋಷವುಂಟು. ಇಳಿದ ಮೇಲೆ ನಿಲ್ಲಿಸಿ ಕೂಡಲೆ ಮತ್ತೆ ಚಾಲೂ ಮಾಡಬೇಕು. ಬಿಸಿಯಲ್ಲಿ ಹೊತ್ತದಿದ್ದರೆ ಇಂಜೆಕ್ಟರುಗಳನ್ನೂ ಪಂಪನ್ನೂ ಪರೀಕ್ಷೆ ಮಾಡಿಸಬೇಕು.

2020ನೆಯ ಏಪ್ರಿಲ್‌ನಿಂದೀಚಿನ ಕಾರುಗಳು

ಬಿ.ಎಸ್. 6 ನಿಯಮಕ್ಕೆ ಒಳಪಟ್ಟ ಈ ಡೀಸೆಲ್ ಕಾರುಗಳಲ್ಲಿ ಹೊಗೆಯ ಮಸಿಯನ್ನು ತಡೆಯುವ ಡಿ.ಪಿ.ಎಫ್. ಎಂಬ ಜರಡಿಯಿರುವುದು. ಅದರೊಳಗಿನ ಮಸಿ ಉರಿದುಹೋಗಬೇಕಾದರೆ ಆಗಾಗ್ಗೆ ದೂರದ ದಾರಿಯಲ್ಲಿ ಒಂದೇ ವೇಗದಲ್ಲಿ ಓಡಿಸಬೇಕು. ದಿನವೂ ಹಳ್ಳಿಯಿಂದ ಎರಡು ಮೂರು ಮೈಲಿ ಮಾತ್ರ ಓಡುವವರಿಗೆ ಜರಡಿ ಕಟ್ಟಿಕೊಳ್ಳುವುದು. ಅಂಥವರು ಪೆಟ್ರೋಲ್ ಕಾರನ್ನೇ ಯೋಚಿಸುವುದು ಮೇಲು.

ದಾಖಲೆ

ಎಂಜಿನ್ ಮತ್ತು ಛಾಸಿ ನಂಬರುಗಳು ಆರ್.ಸಿ. ಪುಸ್ತಕದೊಡನೆ ಅಕ್ಷರಶಃ ಸರಿಹೊಂದಬೇಕು. ಕಿಲೋಮೀಟರ್ ಅಂಕಿಯನ್ನು ತಿದ್ದಬಹುದಾದ್ದರಿಂದ ಸರ್ವಿಸ್ ಮಾಡಿಸಿದ ರಸೀತಿಗಳೊಡನೆ ತಾಳೆ ನೋಡಬೇಕು. ಸಾಲದ ನಮೂದು ತೀರಿದೆಯೇ ಎಂಬುದನ್ನೂ ವಿಚಾರಿಸಬೇಕು. ದೆಹಲಿಯ ಕಡೆಯಲ್ಲಿ 10 ವರ್ಷ ಮೀರಿದ ಡೀಸೆಲ್ ವಾಹನಗಳಿಗೆ ಹಸಿರು ನ್ಯಾಯಾಧಿಕರಣವು 2015ರಲ್ಲಿ ತಡೆ ಹಾಕಿತು. ಹೊರ ರಾಜ್ಯದ ಕಾರು ಅಗ್ಗವೆಂದು ಕಂಡರೆ, ಇಲ್ಲಿ ಕಟ್ಟಬೇಕಾದ ತೆರಿಗೆಯನ್ನೂ ಸೇರಿಸಿ ಲೆಕ್ಕ ಹಾಕತಕ್ಕದ್ದು.

ಇಷ್ಟಾದ ಮೇಲೆ, ಮಾರುವವರಿಗೆ ಸಂಬಂಧವಿಲ್ಲದ ಮೆಕ್ಯಾನಿಕ್ಕಿನಿಂದ ಒಮ್ಮೆ ನೋಡಿಸಿ, ಆಮೇಲೆ ಹಣ ಕೊಡುವುದು ಕ್ಷೇಮ. ಪರೀಕ್ಷೆಗೆ ಒಪ್ಪದವರ ಕಾರನ್ನು ಎಷ್ಟು ಅಗ್ಗವಾದರೂ ಕೊಳ್ಳಬಾರದು. ಗ್ರಾಮದ ಮುಖಂಡರು ಈ ಸಂಗತಿಗಳನ್ನು ತಮ್ಮ ಊರಿನವರಿಗೆ ಓದಿ ತಿಳಿಸಿದರೆ ಅನೇಕರ ಹಣ ಉಳಿಯುವುದು.