ಗಣಕಯಂತ್ರದ ಆರಂಭಕಾಲದ ಮಾತು ಮತ್ತು ಮೌನ

ಗಣಕಯಂತ್ರವನ್ನು ಚಾಲೂ ಮಾಡಿದ ಕ್ಷಣದಿಂದ ಅದು ನಮ್ಮ ಕೆಲಸಕ್ಕೆ ಸಿದ್ಧವಾಗುವವರೆಗೆ ಹತ್ತಾರು ಪ್ರೋಗ್ರಾಮುಗಳು ಒಂದರ ಹಿಂದೊಂದರಂತೆ ನಡೆಯುತ್ತವೆ. ಇವನ್ನು ನಡೆಯಿಸುವ ಆಜ್ಞಾಪಟ್ಟಿಗೆ ಆರಂಭಿಕ ಸ್ಕ್ರಿಪ್ಟ್ ಎಂದು ಹೆಸರು. ಆ ಪ್ರೋಗ್ರಾಮುಗಳು ಆಡುವ ಮಾತನ್ನು ತೆರೆಯ ಮೇಲೆ ತೋರಿಸಬೇಕೆ, ಮರೆಮಾಡಬೇಕೆ ಎಂಬುದು ಇಲ್ಲಿಯ ವಿಚಾರ.

ಗೋಕಾಕ, ಮೂಡಲಗಿ, ಹುಕ್ಕೇರಿಗಳಂಥ ಊರುಗಳ ಕಾಲೇಜಿನ ಪ್ರಯೋಗಶಾಲೆಯೊಂದನ್ನು ಊಹಿಸಿಕೊಳ್ಳೋಣ. ವಿದ್ಯುತ್ತು ಹಠಾತ್ತನೆ ನಿಂತು ಮರಳಿ ಬಂದಿದೆ. ಲಿನಕ್ಸ್ ಯಂತ್ರವು ತನ್ನ ಸಂಗ್ರಹತಟ್ಟೆಯನ್ನು ಪರೀಕ್ಷಿಸಿ ದುರಸ್ತಿಮಾಡತೊಡಗಿದೆ. ದೊಡ್ಡ ತಟ್ಟೆಯಾದರೆ ಇದಕ್ಕೆ ಹಲವು ನಿಮಿಷಗಳೇ ಬೇಕು. ತೆರೆಯ ಮೇಲೆ ಬರಿಯ ಚಿತ್ರವಿದ್ದರೆ ವಿದ್ಯಾರ್ಥಿಯು ಯಂತ್ರ ಕೆಟ್ಟಿತೆಂದು ಬಗೆದು ಗುಂಡಿ ಒತ್ತಿ ಆರಿಸಿಬಿಡುವನು. ದುರಸ್ತಿ ಅರ್ಧಕ್ಕೆ ನಿಂತು, ವರ್ಷವಿಡೀ ಮಾಡಿದ ಕೆಲಸವೇ ಕೈಬಿಟ್ಟುಹೋಗಬಹುದು.

ಹಾಗೆಂದು ಎಲ್ಲವನ್ನೂ ತೋರಿಸುವುದೂ ಯುಕ್ತವಲ್ಲ. ಮಳೆಗಾಲದಲ್ಲಿ ಗೋಕಾಕ ಜಲಪಾತದ ಬಳಿ ನಿಂತವನಿಗೆ ಪಕ್ಕದವನ ಕೂಗು ಕೇಳಿಸದು; ಸರಸರನೆ ಸರಿಯುವ ನೂರಾರು ಸಾಲುಗಳ ನಡುವೆ ಒಂದು ದೋಷದ ಸಾಲಿನ ಪಾಡೂ ಅದೇ. 1969ರಲ್ಲಿ ಬೆಲ್ ಪ್ರಯೋಗಾಲಯದಲ್ಲಿ ಮೊದಲಾದ ಯುನಿಕ್ಸಿನ ಸಂಪ್ರದಾಯದಲ್ಲಿ, ಹೇಳುವಂಥದೇನೂ ಇಲ್ಲದಾಗ ಪ್ರೋಗ್ರಾಮು ಸುಮ್ಮನಿರಬೇಕೆಂಬ ರೂಢಿ ಬೆಳೆದುದು ಅಕಾರಣವಲ್ಲ. ಅಲ್ಲಿ ಸಾಮಾನ್ಯ ಮಾತಿಗೆ 1 ಎಂಬ ಪ್ರವಾಹ, ದೋಷದ ಮಾತಿಗೆ 2 ಎಂಬ ಪ್ರವಾಹ, ಹೀಗೆ ಎರಡು ದಾರಿಗಳಿವೆ. ಸ್ಕ್ರಿಪ್ಟ್ ಬರೆಯುವವರು ತೆರೆ ಅಚ್ಚುಕಟ್ಟಾಗಿರಲೆಂದು ಎರಡನ್ನೂ 'ಡೆವ್-ನಲ್' ಎಂಬ ಶೂನ್ಯಕ್ಕೆ ಹರಿಯಬಿಡುವುದುಂಟು. ಅಲ್ಲಿಗೆ ಹೋದುದು ಮರಳಿ ಬಾರದು. ಮರೆಮಾಡುವುದು ಬೇರೆ, ಅಳಿಸಿಹಾಕುವುದು ಬೇರೆ. ಈ ಭೇದವನ್ನು ಗಮನಿಸದೆ ನಡೆಯುವ ವಾದಗಳೇ ಹೆಚ್ಚೆಂದು ನಮಗೆ ತೋರುತ್ತದೆ.

2010ರಲ್ಲಿ ಪ್ರಕಟವಾದ ಸಿಸ್ಟಂ-ಡಿ ವ್ಯವಸ್ಥೆಯು ಮಧ್ಯಮಾರ್ಗವನ್ನು ಹಿಡಿಯಿತು. ಅದರಲ್ಲಿ 'ಕ್ವಯಟ್' ಎಂಬ ಸೂಚನೆ ಇದ್ದರೆ ಎಲ್ಲವೂ ಸರಿಯಿರುವವರೆಗೆ ತೆರೆ ಮೌನವಾಗಿರುತ್ತದೆ. ಒಂದು ಸೇವೆ ವಿಫಲವಾದರೆ ಅಥವಾ ಬಹಳ ತಡವಾದರೆ ಸ್ಥಿತಿಯ ಸಾಲುಗಳು ಕಾಣತೊಡಗುತ್ತವೆ. ಪ್ರೋಗ್ರಾಮುಗಳ ಮಾತು ಸಾಮಾನ್ಯವಾಗಿ 'ಜರ್ನಲ್' ಎಂಬ ದಿನಚರಿಯಲ್ಲಿ ದಾಖಲಾಗುತ್ತದೆ. ಇದೇ ಯೋಗ್ಯವೆಂಬುದು ನಮ್ಮ ಅಭಿಪ್ರಾಯ. ಆದರೂ ದಿನಚರಿಯೊಂದನ್ನೇ ನೆಚ್ಚುವಂತಿಲ್ಲ: ಸಂಗ್ರಹತಟ್ಟೆಯೇ ದೊರೆಯದಿದ್ದರೆ ಅದು ತಾತ್ಕಾಲಿಕ ಸ್ಮೃತಿಯಲ್ಲಷ್ಟೇ ಉಳಿದು, ಯಂತ್ರ ಆರಿದೊಡನೆ ಅಳಿಯುತ್ತದೆ. ಆಗ ತೆರೆಯೊಂದೇ ಸಾಕ್ಷಿ. ಆದುದರಿಂದ ದೋಷದ ಪ್ರವಾಹವನ್ನು ತೆರೆಯಿಂದ ಎಂದಿಗೂ ತಪ್ಪಿಸಕೂಡದು.

ಚಿತ್ರ ತೋರಿಸುವ ಲಿನಕ್ಸ್ ಯಂತ್ರಗಳಲ್ಲಿ ಬಹುಮಟ್ಟಿಗೆ ಎಸ್ಕೇಪ್ ಕೀಲಿಯನ್ನೊತ್ತಿದರೆ ಹಿಂದಿನ ಸಾಲುಗಳು ಕಾಣುತ್ತವೆ. ಪ್ರಯೋಗಶಾಲೆಯ ಮೊದಲ ದಿನವೇ ಇದನ್ನು ವಿದ್ಯಾರ್ಥಿಗಳಿಗೆ ತಿಳಿಸಿಕೊಡಬಹುದು.