ಅರಿವಿ ಗಂಟಿನ ಕೌದಿ

ಹಾನಗಲ್ಲ ಸೀಮೆಯ ಹಳೇ ಮನೆಗಳಲ್ಲಿ ಅಟ್ಟದ ಮೇಲೋ ಟ್ರಂಕಿನ ಹಿಂದೋ ಒಂದು ಗಂಟು ಇದ್ದೇ ಇರುತ್ತದೆ. ಹಳೇ ಧೋತರದಲ್ಲಿ ಬಿಗಿದು ಕಟ್ಟಿದ್ದು. ಒಳಗೆ ಹರಿದ ಸೀರೆ, ಕಾಲರು ಸವೆದ ಅಂಗಿ, ಹುಡುಗಿಯರಿಗೆ ಗಿಡ್ಡವಾದ ಲಂಗ, ಕುಪ್ಪಸ ಹೊಲಿದು ಉಳಿದ ತುಂಡು, ಬೀಜದ ಬಟ್ಟೆ ಚೀಲ. ಹೊಸ ಸೊಸೆ ಇದು ಕಸವೆಂದು ತಿಳಿದು ಹೊರಗೆ ಒಯ್ದರೆ ಪಡಸಾಲೆಯಿಂದಲೇ ಅತ್ತೆಯ ದನಿ ಕೇಳುತ್ತದೆ: "ಅದು ಕೌದಿ ಗಂಟ್ ಐತಿ, ಮುಟ್ಟಬ್ಯಾಡ."

ಹಳೇ ಅರಿವೆಯ ಪದರ ಹೊಲಿದು ಮಾಡುವ ಹೊದಿಕೆ ಈ ಕೌದಿ. ಅದರ ಬಗ್ಗೆ ಬರೆಯುವವರು ಸಾಮಾನ್ಯವಾಗಿ ಸೂಜಿ ದಾರದಿಂದ ಶುರು ಮಾಡುತ್ತಾರೆ. ಹೊಲಿಯುವವರನ್ನು ಕೇಳಿದರೆ ಅವರು ಮೊದಲು ಗಂಟು ಬಿಚ್ಚುತ್ತಾರೆ. ಅರ್ಧ ಕೆಲಸ ಅಲ್ಲೇ ಮುಗಿದಿರುತ್ತದೆ ಎಂಬುದು ನನಗೆ ಅರ್ಥವಾಗಲು ಬಹಳ ವರ್ಷ ಬೇಕಾಯಿತು. ಯಾವ ಅರಿವೆ ಕೌದಿಗೆ ಬರುತ್ತದೆ, ಯಾವುದು ಮಸಿಅರಿವೆಗಷ್ಟೇ ಲಾಯಕ್ಕು, ಯಾವ ಕೆಂಪಿನ ಪಕ್ಕ ಯಾವ ಹಸಿರು ಕೂಡಬೇಕು ಎಂಬುದನ್ನು ನಿಶ್ಚಯಿಸುವ ಕಣ್ಣು ಇದೆಯಲ್ಲ, ಅದು ಸೂಜಿ ಹಿಡಿಯುವ ಕೈಗಿಂತ ಅಪರೂಪ.

ಗಂಟು ತುಂಬುವ ದಾರಿಗಳು ಹಲವು. ಮೊದಲನೆಯದು ಸ್ವಂತ ಮನೆ. ಎರಡನೆಯದು ಆಯೇರಿ. ಮದುವೆ, ಸೀಮಂತ, ಗೃಹಪ್ರವೇಶಗಳಲ್ಲಿ ಕೊಟ್ಟು ತೆಗೆದುಕೊಂಡ ಜಂಪರ್ ಪೀಸುಗಳು ನಮ್ಮ ಕಡೆ ಮನೆಯಿಂದ ಮನೆಗೆ ತಿರುಗುತ್ತಲೇ ಇರುತ್ತವೆ. ಯಾರೂ ಹೊಲಿಸುವುದಿಲ್ಲ, ಮುಂದಿನ ಮದುವೆಯಲ್ಲಿ ದಾಟಿಸುತ್ತಾರೆ. ನಾನು ಕೊಟ್ಟ ಪೀಸು ಮೂರು ವರ್ಷದ ಮೇಲೆ ನನಗೇ ಬಂದದ್ದುಂಟು. ಆ ತಿರುಗಾಟಕ್ಕೆ ಕೊನೆ ಸಿಗುವುದು ಕೌದಿ ಗಂಟಿನಲ್ಲಿ. ಮೂರನೆಯದು ದರ್ಜಿ ಅಂಗಡಿಯ ನೆಲ. ಸವಣೂರಿನ ಓಣಿಗಳಲ್ಲಿ ರಮಜಾನಿಗೆ ಮುಂಚೆ ಮಷಿನುಗಳು ಹಗಲು ರಾತ್ರಿ ಓಡುವಾಗ ಕೆಳಗೆ ಮೊಣಕಾಲುದ್ದ ಕತ್ತರಿ ತುಂಡು ಬಿದ್ದಿರುತ್ತವೆ. ಒಂದು ಚೀಲ ಒಯ್ದರೆ ತುಂಬಿಕೊಡುತ್ತಾರೆ, ಗುಡಿಸುವ ಕೆಲಸವಾದರೂ ತಪ್ಪಿತಲ್ಲ ಎಂದು.

ನಾಲ್ಕನೆಯದೇ ನಮ್ಮ ಕಡೆಯ ನಿಜವಾದ ಹಳೇಬಟ್ಟೆ ಅಂಗಡಿ. ಅದಕ್ಕೆ ಗೋಡೆಯಿಲ್ಲ, ಬೋರ್ಡಿಲ್ಲ. ತಲೆಯ ಮೇಲೆ ಸ್ಟೀಲ್ ಪಾತ್ರೆಯ ಬುಟ್ಟಿ ಹೊತ್ತು, ಹಳೇ ಸೀರೆಗೆ ಡಬರಿ ಕೊಡುತ್ತೇನೆಂದು ಕೂಗುತ್ತ ಬರುವ ಹೆಂಗಸು. ಅವಳೊಂದಿಗಿನ ಚೌಕಾಸಿ ಅರ್ಧ ತಾಸಿನದು. ಅವಳು ಸೀರೆಯನ್ನು ಬೆಳಕಿಗೆ ಹಿಡಿದು ತೂತು ಹುಡುಕುತ್ತಾಳೆ, ಮನೆಯಾಕೆ ಡಬರಿಯನ್ನು ಬೆರಳಿಂದ ಬಡಿದು ತಗಡಿನ ದಪ್ಪ ನೋಡುತ್ತಾಳೆ. ಹಾಗೆ ಹೋದ ಬಟ್ಟೆ ಒಗೆದು, ಇಸ್ತ್ರಿಯಾಗಿ, ಸಂತೆಯಲ್ಲಿ ತಾಡಪತ್ರಿಯ ಮೇಲೆ ರಾಶಿಯಾಗಿ ಮತ್ತೆ ಕಾಣಿಸುತ್ತದೆ. ಅಹಮದಾಬಾದಿನ ವಾಘ್ರಿ ಸಮುದಾಯ ಇದೇ ಪಾತ್ರೆ-ಬಟ್ಟೆ ವಿನಿಮಯವನ್ನು ದೊಡ್ಡ ವ್ಯಾಪಾರವಾಗಿ ಬೆಳೆಸಿದೆ. ದೇಶವಿದೇಶದ ಹಳೇ ಉಣ್ಣೆಯಂತೂ ಪಾಣಿಪತ್ತಿಗೆ ಬಂದು, ಸಿಗಿದು ನೂಲಾಗಿ, ಅಗ್ಗದ ಬ್ಲಾಂಕೆಟ್ಟಾಗುತ್ತದೆ. ಶಿಗ್ಗಾವಿ, ಹಿರೇಕೆರೂರಿನ ಸಂತೆಯಲ್ಲಿ ರಾಶಿಗೆ ಕೈಯಿಟ್ಟ ಹೆಂಗಸಿಗೆ ಆ ಲೋಕವ್ಯಾಪಾರದ ಗೊಡವೆಯಿಲ್ಲ. ಅವಳ ಬೆರಳು ಹುಡುಕುವುದು ಒಂದನ್ನೇ, ಹತ್ತಿಯನ್ನು.

ಆ ಹುಡುಕಾಟ ನೋಡುವಂಥದ್ದು. ಎಲ್ಲರೂ ಮೇಲಿನ ಬಣ್ಣ ನೋಡಿ ಎಳೆದರೆ, ಕೌದಿಯಾಕೆ ಕಣ್ಣನ್ನು ಬೇರೆಲ್ಲೋ ಇಟ್ಟು ರಾಶಿಯ ಹೊಟ್ಟೆಗೆ ಕೈ ಹಾಕುತ್ತಾಳೆ. ಹೆಬ್ಬೆರಳು ತೋರುಬೆರಳ ನಡುವೆ ಬಟ್ಟೆಯನ್ನು ಒಮ್ಮೆ ತಿಕ್ಕುತ್ತಾಳೆ. ಜಾರಿದರೆ ಬಿಟ್ಟಳು, ಹಿಡಿದುಕೊಂಡರೆ ಎಳೆದಳು. ಆಮೇಲೆ ಅಂಚನ್ನು ಚೂರು ಹರಿಯುತ್ತಾಳೆ. ಗಟ್ಟಿ ಹತ್ತಿ ಪರ್ರನೆ ಸದ್ದು ಮಾಡುತ್ತದೆ, ಮುಗ್ಗಿದ ಅರಿವೆ ಸದ್ದಿಲ್ಲದೆ ಬಿಟ್ಟುಕೊಡುತ್ತದೆ. ಇನ್ನೂ ಅನುಮಾನವಾದರೆ ಒಂದು ಎಳೆ ಕಿತ್ತು ಕಡ್ಡಿಗೀರಿ ಸುಡುವುದು. ಹತ್ತಿ ಕಾಗದದ ವಾಸನೆ ಬಿಟ್ಟು ಬೂದಿಯಾಗುತ್ತದೆ, ಪಾಲಿಯೆಸ್ಟರು ಮುದುಡಿ ಕರಿ ಮಣಿಯಾಗುತ್ತದೆ. ಸಂತೆಯವನ ಮುಂದೆ ಇದನ್ನು ಮಾಡಿದರೆ ಬೈಗುಳ ಖಾತ್ರಿ.

ಹಳೇದೇ ಏಕೆ ಬೇಕು? ಬಡತನಕ್ಕೆ ಅನ್ನುವುದು ಪೂರ್ತಿ ಉತ್ತರವಲ್ಲ. ಇದನ್ನು ನಾನು ಸ್ವಂತ ಖರ್ಚಿನಲ್ಲಿ ಕಲಿತೆ. ಕೌದಿ ಚಂದ ಕಾಣಲೆಂದು ಒಮ್ಮೆ ಅಂಗಡಿಯಿಂದ ಹೊಸ ಕೆಂಪು ಬಟ್ಟೆ ತಂದು, ಅಜ್ಜನ ಬಿಳೀ ಧೋತರದ ಮೇಲೆ ಮೂಲೆಮೂಲೆಗೂ ಕೂರಿಸಿದೆ. ನಡುವೆ ಒಂದು ಮಿರಿಮಿರಿ ನೈಲಾನ್ ಸೀರೆಯ ಚೌಕ. ನೋಡಿದವರು ಹೊಗಳಿದರು. ಮೊದಲ ದಸರೆಯ ಒಗೆತಕ್ಕೆ ಕೆಂಪು ಬಣ್ಣ ಇಳಿದು ಧೋತರವೆಲ್ಲ ಗುಲಾಬಿ. ಹೊಸ ಬಟ್ಟೆ ನೀರಿಗೆ ಮುದುಡಿತು, ಹಳೇದು ಇದ್ದಲ್ಲೇ ಇತ್ತು, ಇಡೀ ಕೌದಿ ಹಪ್ಪಳದಂತೆ ಸೊಟ್ಟಗಾಯಿತು. ನೈಲಾನಿನ ಮೇಲೆ ಹೊಲಿಗೆ ನಿಲ್ಲದೆ ಜಾರಿ ಒಳಪದರಗಳೆಲ್ಲ ಒಂದು ಕಡೆ ಗುಡ್ಡೆಯಾದವು. ಹಳೇ ಹತ್ತಿಬಟ್ಟೆ ಮುದುಡುವಷ್ಟು ಮುದುಡಿ, ಬಿಡುವಷ್ಟು ಬಣ್ಣ ಬಿಟ್ಟು, ನೂರಾರು ಒಗೆತ ಉಂಡು ಬಂದಿರುತ್ತದೆ. ಸೂಜಿ ಅದರೊಳಗೆ ಬೆಣ್ಣೆಯಲ್ಲಿ ಹೋದಂತೆ ಹೋಗುತ್ತದೆ. ಬೆವರು ಹೀರುತ್ತದೆ, ಕೂಸಿನ ಮೈಗೆ ಚುಚ್ಚುವುದಿಲ್ಲ. ಬಾಣಂತಿಯ ಮಗುವಿಗೆ ಅಜ್ಜಿಯ ಹಳೇ ಸೀರೆಯ ಕೌದಿ ಹಾಸುವುದರಲ್ಲಿ ಪ್ರೀತಿಯಷ್ಟೇ ಬಟ್ಟೆಯ ಲೆಕ್ಕಾಚಾರವೂ ಇದೆ.

ಗಂಟಿನಲ್ಲಿ ಇಳಕಲ್ ಸೀರೆ ಸಿಕ್ಕರೆ ಅದು ಹಬ್ಬ. ಇಳಕಲ್ ಸೀರೆಯ ಒಡಲಿಗೂ ಸೆರಗಿಗೂ ಬೇರೆಬೇರೆ ಹಾಸುನೂಲು. ಎರಡನ್ನೂ ಕೊಂಡಿ ಹಾಕಿ ಒಂದು ಮಾಡಿರುತ್ತಾರೆ. ಹತ್ತಿಯ ಒಡಲು ಉಟ್ಟೂ ಉಟ್ಟೂ ಜಾಳಾದರೂ ರೇಷ್ಮೆಯ ದಡಿ, ಕೆಂಪು ಸೆರಗಿನ ತೇನಿ ವಿನ್ಯಾಸ ಗಟ್ಟಿಯಾಗಿಯೇ ಉಳಿದಿರುತ್ತವೆ. ಒಡಲು ಕೌದಿಯ ಒಳಪದರಕ್ಕೆ, ದಡಿ ಸುತ್ತಂಚಿಗೆ, ತೇನಿಯ ತುಂಡು ನಟ್ಟನಡುವಿಗೆ. ಒಂದು ಎಳೆಯೂ ವ್ಯರ್ಥವಿಲ್ಲ. ಗುಳೇದಗುಡ್ಡದ ಖಣದ ಚೂರುಗಳಿಗೆ ಬೇರೆ ಡಬ್ಬಿ, ಅವು ಕೂಸಿನ ಕುಂಚಿಗಿಗೆ ಮೀಸಲು. ಅಂಗಿಯ ಗುಂಡಿಗಳಿಗೆ ಮತ್ತೊಂದು ಡಬ್ಬಿ. ಗಾಢ ಬಣ್ಣದ ಉದ್ದ ಪಟ್ಟಿಗಳನ್ನು ಮನೆಯ ಗಂಡಸರು ಕೇಳಿ ಒಯ್ಯುತ್ತಾರೆ. ದೀಪಾವಳಿಯ ಹೊತ್ತಿಗೆ ಹಾವೇರಿ ಜಿಲ್ಲೆಯ ತುಂಬ ನಡೆಯುವ ಹೋರಿ ಬೆದರಿಸುವ ಆಟಕ್ಕೆ ಹೋರಿ ಸಿಂಗರಿಸಬೇಕಲ್ಲ. ಕೊಬ್ಬರಿ ಸರ, ಬಲೂನುಗಳ ಜೊತೆ ಬೆನ್ನ ಮೇಲಿನ ಝೂಲಕ್ಕೂ ಬಣ್ಣದ ಅರಿವೆ ಬೇಕು.

ಹೊಲಿಗೆಗೆ ಕೂರುವುದು ಸುಗ್ಗಿ ಮುಗಿದು ಕೈ ಬಿಡುವಾದ ಬೇಸಿಗೆಯಲ್ಲಿ. ಹಾನಗಲ್ಲ, ಹಿರೇಕೆರೂರ ಕಡೆ ಅರೆಮಲೆನಾಡಿನ ಮಳೆ, ಅದು ಹಿಡಿಯುವುದರೊಳಗೆ ಹೊದಿಕೆ ತಯಾರಾಗಬೇಕು. ಮೊದಲು ಬಿಚ್ಚುವ ಕೆಲಸ. ಅಂಗಿಯ ಹೊಲಿಗೆ ಬಿಚ್ಚಿ ಬೆನ್ನು, ತೋಳು, ಜೇಬು ಬೇರೆ ಮಾಡುತ್ತಾರೆ. ಬೆನ್ನಿನ ಬಟ್ಟೆಗೆ ಬೆಲೆ ಹೆಚ್ಚು, ಅಗಲವಾಗಿರುತ್ತದೆ. ಜೇಬು ಬಿಚ್ಚಿದಲ್ಲಿ ಬಿಸಿಲು ಕಾಣದ ಮೂಲ ಬಣ್ಣದ ಚೌಕ ಉಳಿದಿರುತ್ತದೆ. ಜಾಣೆಯಾದವಳು ಆ ಗುರುತನ್ನೇ ವಿನ್ಯಾಸ ಮಾಡಿಕೊಳ್ಳುತ್ತಾಳೆ. ಕತ್ತರಿ ಕಡಿಮೆ ಬಳಸುತ್ತಾರೆ. ಅಂಚಿಗೊಂದು ಕಚ್ಚು ಹಾಕಿ ಕೈಯಿಂದ ಹರಿದರೆ ಬಟ್ಟೆ ತನ್ನ ನೂಲಿನ ದಾರಿಗುಂಟ ನೆಟ್ಟಗೆ ಹರಿಯುತ್ತದೆ, ಸ್ಕೇಲು ಪೆನ್ಸಿಲ್ಲು ಬೇಡ.

ಆಮೇಲೆ ನೆಲ ಸಾರಿಸಿ, ಒಣಗಿದ ಮೇಲೆ ಒಂದು ಅಖಂಡ ಧೋತರ ಅಥವಾ ಸೀರೆ ಹಾಸುತ್ತಾರೆ. ನಾಲ್ಕು ಮೂಲೆಗೆ ಒರಳಗುಂಡು, ತಂಬಿಗೆ, ಕೈಗೆ ಸಿಕ್ಕ ಕಲ್ಲು. ಅಳತೆ ಮೊಳದಲ್ಲಿ. ಐದು ಮೊಳ ಉದ್ದ, ನಾಲ್ಕು ಮೊಳ ಅಗಲವಾದರೆ ಇಬ್ಬರಿಗೆ ಸಾಕು. ಅದರ ಮೇಲೆ ಎರಡು ಮೂರು ಪದರ ಜಾಳು ಬಟ್ಟೆ. ಒಂದರ ತೂತಿನ ಮೇಲೆ ಇನ್ನೊಂದರ ಗಟ್ಟಿ ಭಾಗ ಬರುವಂತೆ ಹೊಂದಿಸುವುದರಲ್ಲಿ ಬುದ್ಧಿ ಇದೆ. ಎಲ್ಲಕ್ಕೂ ಮೇಲೆ ಬಣ್ಣದ ತುಂಡುಗಳು. ಹತ್ತಿ ತುಂಬುವುದಿಲ್ಲ, ಕೌದಿಯ ದಪ್ಪವೆಲ್ಲ ಪದರದ್ದೇ. ದಪ್ಪ ದಾರ, ಉದ್ದ ಸೂಜಿ. ದಾರಕ್ಕೆ ಜೇನುಮೇಣ ತಿಕ್ಕಿಕೊಳ್ಳುವವರೂ ಇದ್ದಾರೆ, ಗಂಟು ಬೀಳುವುದಿಲ್ಲವೆಂದು.

ಹೊಲಿಗೆ ಒಂದೇ ಬಗೆಯದು, ಮುಂದೆ ಮುಂದೆ ಓಡುವ ಸಾದಾ ಸಾಲು. ಅಂಚು ಮಡಚಿ ಹೊರಗಿನಿಂದ ಶುರು ಮಾಡಿ, ಸುತ್ತು ಸುತ್ತಾಗಿ ಒಳಗೆ ಬರಬೇಕು. ಸಾಲಿನಿಂದ ಸಾಲಿಗೆ ಬೆರಳಗಲ. ಎಡಗೈ ಕೌದಿಯ ಕೆಳಗೆ ಇರುತ್ತದೆ, ಸೂಜಿಯ ಮೊನೆ ತಗುಲಿದ್ದನ್ನು ಬೆರಳು ತಿಳಿದು ಮೇಲಕ್ಕೆ ತಳ್ಳುತ್ತದೆ. ಬಹಳ ಕೌದಿ ಹೊಲಿದವರ ಎಡಗೈ ಬೆರಳ ತುದಿ ಮುಟ್ಟಿ ನೋಡಿದರೆ ಒರಟು ಜಾಲರಿ. ಮೊದಲ ಸುತ್ತುಗಳಲ್ಲಿ ಬಟ್ಟೆ ಅಲ್ಲಾಡುತ್ತದೆ, ಸುಕ್ಕು ಹೊರಡುತ್ತದೆ. ಆ ಸುಕ್ಕನ್ನು ಅಂಗೈಯಿಂದ ನಡುವಿಗೆ ನೂಕುತ್ತ ನೂಕುತ್ತ ಹೋಗಬೇಕು. ಒಬ್ಬರೇ ಹೊಲಿದರೆ ತಿಂಗಳೂ ಹಿಡಿಯುತ್ತದೆ. ನಾಲ್ವರು ಓಣಿಯ ಹೆಂಗಸರು ನಾಲ್ಕು ಬದಿಗೆ ಕೂತರೆ ಬೇಗ. ಮಾತು ಮಾತ್ರ ಮುಗಿಯುವುದಿಲ್ಲ. ಊರೂರು ತಿರುಗಿ, ಮನೆಯವರದೇ ಗಂಟು ಬಿಚ್ಚಿಸಿ ಹೊಲಿದುಕೊಡುವ ಗೊಂದಲಿಗ ಹೆಣ್ಣುಮಕ್ಕಳೂ ಉಂಟು. ಅವರ ಸಾಲು ನೋಡಿದರೆ ಮಷಿನು ನಾಚಬೇಕು.

ಹಾನಗಲ್ಲಿನ ತಾರಕೇಶ್ವರ ಗುಡಿಯ ಛಾವಣಿಯಲ್ಲಿ ದೊಡ್ಡದೊಂದು ಕಲ್ಲಿನ ಕಮಲವಿದೆ. ಹೊರಗಿನ ಸುತ್ತಿನಿಂದ ಒಳಸುತ್ತಿಗೆ ಇಳಿಯುತ್ತ ನಡುವೆ ಬಂದು ನಿಲ್ಲುವ ಅದರ ಕೆತ್ತನೆಯನ್ನು ಕತ್ತೆತ್ತಿ ನೋಡುವಾಗಲೆಲ್ಲ ನನಗೆ ಕೌದಿ ನೆನಪಾಗುತ್ತದೆ. ಎರಡಕ್ಕೂ ಸಂಬಂಧವಿದೆ ಎಂದು ನಾನು ಹೇಳುತ್ತಿಲ್ಲ. ಇಲ್ಲದ ಸಂಬಂಧ ಕಟ್ಟುವುದು ಬರೆಯುವವರ ಚಟ.

ಕೌದಿಯ ಸಾಲುಗಳು ಸುತ್ತಿ ಸುತ್ತಿ ಒಳಗೆ ಬಂದು ಮುಟ್ಟಿದ ನಡುವಿಗೆ ಹೊಟ್ಟೆ ಎನ್ನುತ್ತಾರೆ. ಅಲ್ಲಿ ಅಂಗೈಯಗಲ ಬಿಟ್ಟಿರುತ್ತಾರೆ. ಕೊನೆಯ ತುಂಡು ಮುಚ್ಚುವ ಮುಂಚೆ ಕೆಲವು ಮನೆಗಳಲ್ಲಿ ನಾಲ್ಕು ಕಾಳು ಅಕ್ಕಿಯನ್ನೋ ರೊಟ್ಟಿ, ಹೋಳಿಗೆಯ ಚೂರನ್ನೋ ಒಳಗಿಟ್ಟು ಹೊಲಿಯುತ್ತಾರೆ. ಕೌದಿಯ ಹೊಟ್ಟೆ ತುಂಬುವುದು ಅಂದರೆ ಇದೇ. ಹೊದ್ದವರು ಹಸಿದು ಮಲಗಬಾರದಲ್ಲ.

ಹಾನಗಲ್ಲ ದಾಟಿ ವಾಯವ್ಯಕ್ಕೆ ಹೋದರೆ ಮುಂಡಗೋಡ. ಅಲ್ಲಿಂದ ಯಲ್ಲಾಪುರ, ಹಳಿಯಾಳದ ಕಾಡಂಚಿನವರೆಗೆ ಸಿದ್ದಿ ಜನರ ಊರುಗಳಿವೆ. ಆಫ್ರಿಕಾ ಮೂಲದ ಈ ಸಮುದಾಯದ ಹೆಂಗಸರು ಹೊಲಿಯುವ ಕೌದಿಗೆ ಕವಂದ ಎಂದು ಹೆಸರು. ಅದರ ನಾಲ್ಕು ಮೂಲೆಗೆ ಪದರ ಮಡಚಿದ ತ್ರಿಕೋನದ ಹೂವು ಕೂರಿಸುತ್ತಾರೆ. ಫುಲ ಎನ್ನುವ ಆ ಹೂವಿಲ್ಲದ ಕವಂದ ಅವರ ಕಣ್ಣಿಗೆ ಬೆತ್ತಲೆ. ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಕಲಾ ಇತಿಹಾಸಕಾರ ಹೆನ್ರಿ ಡ್ರೂವಲ್ ಇವುಗಳಿಗೆ ಮನಸೋತು ಅಧ್ಯಯನ ಮಾಡಿದರು. 2004ರಲ್ಲಿ ಸಿದ್ದಿ ಮಹಿಳೆಯರ ಕೌದಿ ಸಹಕಾರ ಸಂಘ ಹುಟ್ಟಲು ಅವರ ಒತ್ತಾಸೆಯೂ ಇತ್ತು. ಅಮೆರಿಕದಲ್ಲೇ ಅಲಬಾಮಾದ ಜೀಸ್ ಬೆಂಡ್ ಎಂಬ ಹಳ್ಳಿಯ ಕಪ್ಪು ಹೆಣ್ಣುಮಕ್ಕಳು ಸವೆದ ಹೊಲದ ಬಟ್ಟೆಗಳಿಂದ ಹೊಲಿದ ಕೌದಿಗಳು 2002ರಲ್ಲಿ ನ್ಯೂಯಾರ್ಕಿನ ವಿಟ್ನಿ ಮ್ಯೂಸಿಯಂ ಗೋಡೆ ಏರಿದವು, 2006ರಲ್ಲಿ ಅಂಚೆಚೀಟಿಯೂ ಆದವು. ಮೊಣಕಾಲ ತೇಪೆ, ಮಾಸಿದ ಜೇಬಿನ ಗುರುತು ಎಲ್ಲವೂ ಅವುಗಳಲ್ಲಿ ಹಾಗೇ ಇದ್ದವು. ನಮ್ಮಲ್ಲೂ ಶಿಗ್ಗಾವಿ ತಾಲೂಕಿನ ಗೊಟಗೋಡಿಯಲ್ಲಿ 2011ರಿಂದ ಜಾನಪದಕ್ಕೆಂದೇ ಒಂದು ವಿಶ್ವವಿದ್ಯಾಲಯವಿದೆ. ಸುತ್ತಲ ಹಳ್ಳಿಗಳ ಅಟ್ಟದಲ್ಲಿರುವ ಕೌದಿಗಳನ್ನು ಒಂದೊಂದಾಗಿ ಇಳಿಸಿ, ಯಾವ ತುಂಡು ಯಾರ ಸೀರೆಯದು ಎಂದು ಕೇಳಿ ಬರೆದಿಡಲು ಅದಕ್ಕಿಂತ ಒಳ್ಳೆಯ ಜಾಗ ಬೇರೆ ಎಲ್ಲಿದೆ? ಹೇಳುವ ಅಜ್ಜಿಯರು ಕಡಿಮೆಯಾಗುತ್ತಿದ್ದಾರೆ.

ನಮ್ಮ ತಾಂಡಾಗಳ ಲಂಬಾಣಿ ಕಸೂತಿಯೂ ಇದೇ ಕುಲದ್ದು. ಕನ್ನಡಿ, ಕವಡೆ, ಚಲಾವಣೆ ನಿಂತ ನಾಣ್ಯ, ಎಲ್ಲಕ್ಕೂ ಅಲ್ಲಿ ಮರುಹುಟ್ಟು. 2010ರಲ್ಲಿ ಭೌಗೋಳಿಕ ಗುರುತು ಪಡೆದ ಸಂಡೂರು ಲಂಬಾಣಿ ಕಸೂತಿಯ 14 ಹೊಲಿಗೆಗಳಲ್ಲಿ ಒಂದರ ಹೆಸರೇ ಕೌದಿ.

ಈಗ ಗಂಟಿಗೇ ಬರ ಬಂದಿದೆ. ಅರಿವೆ ಕಡಿಮೆಯಾಗಿಲ್ಲ, ಹಿಂದೆಂದಿಗಿಂತ ಹೆಚ್ಚೇ ಇದೆ. ಆದರೆ ಉಡುವುದೆಲ್ಲ ಸಿಂಥೆಟಿಕ್. ಹತ್ತು ಸೀರೆ ಬಿಚ್ಚಿದರೆ ಕೌದಿಗೆ ಕೂಡುವುದು ಒಂದೋ ಎರಡೋ. ಸಂತೆಯ ರಾಶಿಯಲ್ಲಿ ಹತ್ತಿ ಹುಡುಕುವುದು ಕಲ್ಲಲ್ಲಿ ಕಾಳು ಆರಿಸಿದಂತೆ. ಕೆಲವರು ಉಪಾಯ ಕಂಡುಕೊಂಡಿದ್ದಾರೆ. ಪಾಲಿಯೆಸ್ಟರನ್ನು ಒಳಗೆ ಒಂದೇ ಪದರ ಹಾಕಿ, ಮೈಗೆ ತಾಗುವಲ್ಲಿ ಹಳೇ ಬೆಡ್‌ಶೀಟು, ಸಾಲು ಮಾತ್ರ ಬೆರಳಗಲದ ಬದಲು ಅರೆಬೆರಳಿಗೆ. ಕೆಲಸ ದುಪ್ಪಟ್ಟು, ಆದರೂ ನಿಲ್ಲುತ್ತದೆ.

ಮಹಾನವಮಿಗೆ ಮುಂಚೆ ಮನೆಯ ಹಾಸಿಗೆಯೆಲ್ಲ ಹೊರಗೆ ಬರುತ್ತದೆ. ವರದೆ, ಧರ್ಮಾ, ಕುಮುದ್ವತಿಯ ದಂಡೆಗಳಲ್ಲಿ, ಕೆರೆಯ ಏರಿಗಳಲ್ಲಿ ಒದ್ದೆ ಕೌದಿಗಳ ಬಡಿತ. ಒಣಗಲು ಹರಡಿದಾಗ ಯಾರ ಮನೆಯಲ್ಲಿ ಎಂಥ ಕಣ್ಣಿದೆ ಎಂಬುದು ಇಡೀ ಊರಿಗೆ ಕಾಣುತ್ತದೆ. ಒದ್ದೆ ಕೌದಿಯ ಭಾರ ಎತ್ತಿದವರಿಗೇ ಗೊತ್ತು. ಎರಡು ತುದಿ ಇಬ್ಬರು ಹಿಡಿದು, ಎದುರುಬದಿರು ತಿರುಚಿ ಹಿಂಡಬೇಕು.

ಹೋದ ವರ್ಷ ಹೀಗೆ ಹಿಂಡುವಾಗ ಅಜ್ಜಿಯ ಕೌದಿಯ ಒಂದು ಮೂಲೆ ಬಿರಿಯಿತು. ಒಣಗಿದ ಮೇಲೆ ಹೊಲಿಯಲು ಕೂತು, ಮೇಲಿನ ನೀಲಿ ಖಾದಿ ತುಂಡನ್ನು ಎತ್ತಿ ನೋಡಿದೆ. ಕೆಳಗೆ ತಲೆಕೆಳಗಾದ ಅಕ್ಷರಗಳ ಬೀಜದ ಚೀಲ. ಅದರ ಕೆಳಗೆ ಬಿಡಿ ಬಟ್ಟೆಯ ಬದಲು ಇನ್ನೊಂದು ಕೌದಿಯೇ ಇತ್ತು. ಸವೆದು ಬಲೆಯಂತಾದ, ಹಸಿರು ದಡಿಯ, ಅಜ್ಜಿಯದಲ್ಲದ ಹೊಲಿಗೆಯ ಕೌದಿ. ಸಾಲುಗಳು ಅಜ್ಜಿಯವಕ್ಕಿಂತ ಒತ್ತಾಗಿದ್ದವು. ಅವಳ ಅವ್ವನದಿರಬೇಕು, ಅತ್ತೆಯದೂ ಇರಬಹುದು. ಗಂಟಿನಿಂದ ಒಂದು ಅಂಗಿಯ ಬೆನ್ನಿನ ತುಂಡು ಹರಿದುಕೊಂಡು ಮೂಲೆ ಮುಚ್ಚಿದೆ. ಸಾಲು ಸ್ವಲ್ಪ ಸೊಟ್ಟಗೇ ಬಂತು.